ಅಮ್ಮನ ಸೇಬು, ಇಟಲಿಯ ಕಿವಿ ಹಣ್ಣು

ಪ್ರಶ್ನೆ: ನಮ್ಮ ಅಮ್ಮ ಹಾಸನದಿಂದ ಹೊರಟು ಬೆಂಗಳೂರು, ಫ್ರಾಂಕ್‌ಫರ್ಟ್ ಮಾರ್ಗವಾಗಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರು. ಫ್ರಾಂಕ್‌ಫರ್ಟಿನಲ್ಲಿ ಕೊಂಡು ತಿನ್ನದೆ ಉಳಿಸಿಕೊಂಡ ಎರಡು ಸೇಬು ಅವರ ಕೈಚೀಲದಲ್ಲಿದ್ದವು. ಇಲ್ಲಿ ಇಳಿದಾಗ ಅಧಿಕಾರಿಗಳು ಅವನ್ನು ತೆಗೆದಿಟ್ಟುಕೊಂಡರು. ಅದೇ ವಾರ ಫ್ರೀಮಾಂಟಿನ ಅಂಗಡಿಯಲ್ಲಿ ಇಟಲಿಯ ಬೆಳೆ ಎಂದು ಬರೆದ ಕಿವಿ ಹಣ್ಣು ರಾಶಿ ಹಾಕಿದ್ದರು. ‘ಸಾಹುಕಾರ ಹಡಗಿನಲ್ಲಿ ತಂದರೆ ನಡೆಯುತ್ತೆ, ನಾನು ಚೀಲದಲ್ಲಿ ತಂದರೆ ನಡೆಯಲ್ವಾ? ಆ ಸೇಬನ್ನ ಅವರೇನು ಮಾಡಿದರು?’ ಎಂದು ಅಮ್ಮ ಕೇಳುತ್ತಾರೆ. ಯೂರೋಪಿನ ತಾಜಾ ಹಣ್ಣು, ತರಕಾರಿ ಇಷ್ಟು ದೂರ ಬರುವುದು ಹೇಗೆ? ಕಿವಿ ಹಣ್ಣು ಬರುವುದಾದರೆ ಅಲ್ಲಿನ ಸೇಬು ಏಕೆ ಕಾಣುವುದಿಲ್ಲ?
ಓದುಗರೊಬ್ಬರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ವಿಮಾನ ನಿಲ್ದಾಣದಲ್ಲಿ ಹಣ್ಣು ಕಳೆದುಕೊಂಡವರು ಸಾಮಾನ್ಯವಾಗಿ ಬೇಸರಪಟ್ಟುಕೊಂಡು ಅಷ್ಟಕ್ಕೇ ಬಿಡುತ್ತಾರೆ. ನಿಮ್ಮ ತಾಯಿ ಬಿಡಲಿಲ್ಲ. ಕಳೆದುಕೊಂಡ ಹಣ್ಣನ್ನು ಅಂಗಡಿಯ ಹಣ್ಣಿನ ಪಕ್ಕದಲ್ಲಿಟ್ಟು ನೋಡಿ, ಎರಡೂ ಯೂರೋಪಿನವೇ ಆಗಿರುವಾಗ ಒಂದಕ್ಕೆ ಬಾಗಿಲು ತೆರೆದು ಇನ್ನೊಂದಕ್ಕೆ ಮುಚ್ಚಿದ್ದೇಕೆ ಎಂದು ಕೇಳಿದ್ದಾರೆ. ಯೂರೋಪಿನ ಹಣ್ಣಿನ ರಫ್ತುದಾರರು ದಶಕಗಳಿಂದ ತಲೆ ಕೆಡಿಸಿಕೊಂಡಿರುವುದೂ ಹೆಚ್ಚುಕಡಿಮೆ ಇದೇ ಪ್ರಶ್ನೆಗೆ. ಆದ್ದರಿಂದ ನಿಧಾನವಾಗಿ, ಮೊದಲಿನಿಂದ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಅಧಿಕಾರಿಗಳು ಸೇಬನ್ನು ತೆಗೆದುಕೊಂಡಾಗ, ಆ ಸೇಬು ತಿಂದರೆ ಆರೋಗ್ಯ ಕೆಡುತ್ತದೆ ಎಂದು ಅವರು ಭಾವಿಸಿದರೆಂದು ನಮಗನ್ನಿಸುತ್ತದೆ. ಹಾಗೆ ಅನ್ನಿಸುವುದು ಸಹಜ, ಏಕೆಂದರೆ ಆಹಾರ ತಪಾಸಣೆ ಎಂದರೆ ನಮಗೆ ಹೊಳೆಯುವುದು ಕಲಬೆರಕೆ, ವಿಷ, ಕೊಳೆತ. ಆದರೆ ಆ ಸೇಬನ್ನು ನಿಮ್ಮ ತಾಯಿ ವಿಮಾನದಲ್ಲೇ ತಿಂದು ಮುಗಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ತಿನ್ನುವವರ ಕ್ಷೇಮ ನೋಡಿಕೊಳ್ಳುವ ಇಲಾಖೆ ಬೇರೆ, ಅದರ ಪರೀಕ್ಷೆಗಳೂ ಬೇರೆ. ವಿಮಾನ ನಿಲ್ದಾಣದ ಕೃಷಿ ಅಧಿಕಾರಿ ಕಾಯುತ್ತಿರುವುದು ಗಿಡಮರಗಳನ್ನು: ನಿಮ್ಮ ಹಿತ್ತಲಿನ ನಿಂಬೆ, ಪಕ್ಕದ ಮನೆಯ ಅಂಜೂರ, ಸ್ಯಾನ್ ಹೋಕಿನ್ ಕಣಿವೆಯ ಕಿತ್ತಳೆ ತೋಟ. ಈ ವ್ಯತ್ಯಾಸ ತಿಳಿದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಭಯವಿರುವುದು ಮುಖ್ಯವಾಗಿ ಹಣ್ಣಿನ ನೊಣದ ಬಗ್ಗೆ. ಕೋಲಾರ, ಶ್ರೀನಿವಾಸಪುರದ ಕಡೆ ಮಾವು ಬೆಳೆಯುವವರಿಗೆ ಇದರ ಪರಿಚಯ ಚೆನ್ನಾಗಿದೆ. ಕೆಲವರು ಊಜಿ ಎನ್ನುತ್ತಾರೆ. ಹೊರಗಿನಿಂದ ಚೆಂದವಾಗಿರುವ ಹಣ್ಣನ್ನು ಕೊಯ್ದಾಗ ಒಳಗೆ ಬಿಳಿ ಹುಳು ಮಿಸುಕುತ್ತವಲ್ಲ, ಅದರ ತಾಯಿ ಈ ನೊಣ. ಹೆಣ್ಣು ನೊಣ ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಆ ಗಾಯ ಸೂಜಿಮೊನೆಯಷ್ಟು, ಕಣ್ಣಿಗೆ ಕಾಣುವುದೇ ಕಷ್ಟ. ಮೊಟ್ಟೆ ಒಡೆದು ಹುಳುವಾಗಿ, ತಿರುಳು ತಿಂದು ಬಲಿತು, ಹಣ್ಣಿನಿಂದ ಹೊರಬಿದ್ದು ಮಣ್ಣಿಗಿಳಿದು ಕೋಶವಾಗುತ್ತದೆ. ಕೆಲವು ದಿನಗಳಲ್ಲಿ ನೊಣವಾಗಿ ಮೇಲೇಳುತ್ತದೆ. ನಮ್ಮ ಮಾವಿಗೆ ಬೀಳುವುದು ಓರಿಯೆಂಟಲ್ ಹಣ್ಣಿನ ನೊಣ. ಸ್ಪೇನ್, ಇಟಲಿ, ಗ್ರೀಸ್‌ಗಳಲ್ಲಿ ಬೇರೂರಿರುವುದು ಅದರ ದಾಯಾದಿ, ಮೆಡಿಟರೇನಿಯನ್ ಹಣ್ಣಿನ ನೊಣ. ಮೂಲ ಊರು ಆಫ್ರಿಕಾ. 250ಕ್ಕೂ ಹೆಚ್ಚು ಬಗೆಯ ಹಣ್ಣು, ತರಕಾರಿಗಳು ಅದಕ್ಕೆ ಆಹಾರ. ಈಗ ಯೋಚಿಸಿ: ಹುಳುಬಿದ್ದ ಹಣ್ಣು ಚೀಲದಲ್ಲಿ ಬರುತ್ತದೆ, ಮನೆಯಲ್ಲಿ ಕೊಯ್ದವರು ‘ಥೂ’ ಎಂದು ಹಿತ್ತಲಿಗೆ ಎಸೆಯುತ್ತಾರೆ. ಎಸೆದ ಜಾಗದಲ್ಲಿ ಮೆತ್ತನೆಯ ಮಣ್ಣಿದೆ, ತಲೆಯ ಮೇಲೆ ವರ್ಷವಿಡೀ ಕಾಯಿ ಬಿಡುವ ನಿಂಬೆ ಗಿಡವಿದೆ, ಹಿಮ ಬೀಳುವ ಭಯವಿಲ್ಲ. ನೊಣಕ್ಕೆ ಇದಕ್ಕಿಂತ ಒಳ್ಳೆಯ ತವರು ಸಿಗಲಾರದು.

ನೀವಿರುವ ಊರಿನ ಸುತ್ತಮುತ್ತಲೇ ಇದು ಒಮ್ಮೆ ನಡೆದಿದೆ. ಇಂದು ಸಿಲಿಕಾನ್ ಕಣಿವೆ ಎನ್ನುವ ಸಾಂತಾ ಕ್ಲಾರಾ ಕಣಿವೆ ಅರ್ಧ ಶತಮಾನದ ಹಿಂದಿನವರೆಗೂ ಹಣ್ಣಿನ ತೋಟಗಳ ಸೀಮೆಯಾಗಿತ್ತು. ಆ ತೋಟಗಳ ಬೇರೂ ಯೂರೋಪಿನಲ್ಲೇ ಇತ್ತು. ಚಿನ್ನದ ಆಸೆಗೆ ಬಂದ ಫ್ರಾನ್ಸಿನ ಲೂಯಿ ಪೆಲಿಯೆ ಸ್ಯಾನ್ ಹೋಸೆಯಲ್ಲಿ ಸಸಿಗಳ ತೋಟ ಮಾಡಿದ. 1856ರಲ್ಲಿ ಅವನ ತಮ್ಮ ಪಿಯರ್ ಊರಿಗೆ ಹೋದವನು ಅಜಾನ್ ಪ್ರದೇಶದ ಪ್ರೂನ್ ಹಣ್ಣಿನ ಕಸಿಕಡ್ಡಿಗಳನ್ನು ತಂದ. ದಾರಿಯಲ್ಲಿ ಒಣಗದಿರಲೆಂದು ಕಡ್ಡಿಗಳ ತುದಿಯನ್ನು ಆಲೂಗಡ್ಡೆಗೆ ಚುಚ್ಚಿ ತಂದನೆಂದು ಹೇಳುತ್ತಾರೆ. ಆ ಕಡ್ಡಿಗಳಿಂದ ಕಣಿವೆ ತುಂಬ ಪ್ರೂನ್ ತೋಟಗಳೆದ್ದವು. ಅಂದು ತಪಾಸಣೆ ಎಂಬುದೇ ಇರಲಿಲ್ಲ. ಸಸ್ಯಗಳಿಗೆ ಅಮೆರಿಕದ ಕ್ವಾರಂಟೈನ್ ಕಾಯ್ದೆ ಬಂದದ್ದು 1912ರಲ್ಲಿ. ಪಿಯರ್ ಇಂದು ಅದೇ ಗಂಟಿನೊಂದಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಿದ್ದರೆ ಕಡ್ಡಿಯೂ ಆಲೂಗಡ್ಡೆಯೂ ನಿಮ್ಮ ತಾಯಿಯವರ ಸೇಬಿನ ಜೊತೆಗೇ ಹೋಗುತ್ತಿದ್ದವು.

ಆ ಕಣಿವೆಯಲ್ಲಿ, 1980ರ ಜೂನ್ ತಿಂಗಳಲ್ಲಿ, ಮೆಡಿಟರೇನಿಯನ್ ನೊಣ ಬೋನಿಗೆ ಬಿತ್ತು. ಮೊದಲು ಮನೆಮನೆಯ ಹಿತ್ತಲಿನ ಹಣ್ಣು ಕೀಳಿಸಿದರು, ಸಂತಾನಶಕ್ತಿ ಇಲ್ಲದ ಗಂಡು ನೊಣಗಳನ್ನು ಕೋಟಿಗಟ್ಟಲೆ ಬಿಟ್ಟರು, ನೆಲದ ಮೇಲಿಂದ ಔಷಧಿ ಹೊಡೆದರು. ಯಾವುದೂ ಸಾಲಲಿಲ್ಲ. ಜನವಸತಿಯ ಮೇಲೆ ಹೆಲಿಕಾಪ್ಟರಿನಿಂದ ಮೆಲಾಥಿಯಾನ್ ಎಂಬ ಕೀಟನಾಶಕ ಸಿಂಪಡಿಸಲು ಗವರ್ನರ್ ಜೆರ್ರಿ ಬ್ರೌನ್ ಒಪ್ಪಿರಲಿಲ್ಲ. ಇಡೀ ರಾಜ್ಯದ ಹಣ್ಣಿಗೆ ತಡೆ ಹಾಕುತ್ತೇವೆ ಎಂದು ಕೇಂದ್ರ ಸರ್ಕಾರ ಹೇಳಿದ ಮೇಲೆ ಒಪ್ಪಿದರು. 1981ರ ಜುಲೈನಿಂದ ರಾತ್ರಿ ಹೊತ್ತು ಹೆಲಿಕಾಪ್ಟರುಗಳು ಊರುಗಳ ಮೇಲೆ ಹಾರಿದವು. ಜನ ಹೆದರಿದಾಗ, ರಾಜ್ಯದ ಯುವ ಕಾರ್ಯಪಡೆಯ ಮುಖ್ಯಸ್ಥ ಬಿ.ಟಿ. ಕಾಲಿನ್ಸ್ ಧೈರ್ಯ ತುಂಬಲೆಂದು ತೆಳು ಮಾಡಿದ ಮೆಲಾಥಿಯಾನ್ ಒಂದು ಲೋಟ ಎಲ್ಲರೆದುರು ಕುಡಿದರು. ಜಪಾನ್ ಕ್ಯಾಲಿಫೋರ್ನಿಯಾದ ಹಣ್ಣಿನ ಮೇಲೆ ನಿರ್ಬಂಧ ಹಾಕಿತು. ನೊಣ ಹೋಯಿತೆಂದು ಘೋಷಿಸಿದ್ದು 1982ರ ಸೆಪ್ಟೆಂಬರಿನಲ್ಲಿ. ಖರ್ಚು ಸುಮಾರು 10 ಕೋಟಿ ಡಾಲರ್. ಇಂಥ ಹಾವಳಿಗಳು ಬಹುಪಾಲು ಯಾರೋ ಪ್ರಯಾಣಿಕರು ತಂದ ಇಲ್ಲವೇ ಯಾರೋ ಅಂಚೆಯಲ್ಲಿ ಕಳಿಸಿದ ಹಣ್ಣಿನಿಂದಲೇ ಹುಟ್ಟುತ್ತವೆ ಎಂದು ತಜ್ಞರು ನಂಬುತ್ತಾರೆ.

ಇದು ಹಳೆಯ ಕಥೆಯೂ ಅಲ್ಲ. 2023ರಲ್ಲಿ ಸಾಂತಾ ಕ್ಲಾರಾ, ಕಾಂಟ್ರಾ ಕೋಸ್ಟಾ ಕೌಂಟಿಗಳ ಕೆಲವು ಭಾಗಗಳಲ್ಲಿ ನಮ್ಮ ಮಾವಿನ ನೊಣವೇ, ಅಂದರೆ ಓರಿಯೆಂಟಲ್ ನೊಣವೇ ಸಿಕ್ಕಿತು. ಆ ಭಾಗಗಳ ಮನೆಯವರು ಹಿತ್ತಲಿನ ಹಣ್ಣನ್ನು ಅಂಗಳ ದಾಟಿಸಬಾರದೆಂದು ಆದೇಶವಾಯಿತು. ಟಾಹೋ ಸರೋವರಕ್ಕೋ ರೀನೋಗೋ ಹೋಗಿ ಮರಳುವಾಗ ಟ್ರಕ್ಕಿಯ ಹತ್ತಿರ ಕಾರು ನಿಧಾನಿಸಿ ‘ಹಣ್ಣು, ಗಿಡ ಏನಾದರೂ ಇದೆಯೇ?’ ಎಂದು ಕೇಳುವುದನ್ನು ನೀವು ನೋಡಿರಬಹುದು. ಅಂಥ 16 ಠಾಣೆಗಳನ್ನು ಕ್ಯಾಲಿಫೋರ್ನಿಯಾ ತನ್ನ ಗಡಿಯ ಹೆದ್ದಾರಿಗಳಲ್ಲಿ ಇಟ್ಟುಕೊಂಡಿದೆ. ಅಕ್ಕಪಕ್ಕದ ರಾಜ್ಯಗಳನ್ನೇ ಹೀಗೆ ಕೇಳುವವರು ಫ್ರಾಂಕ್‌ಫರ್ಟಿನಿಂದ ಬಂದವರನ್ನು ಕೇಳದೆ ಬಿಡುವುದಿಲ್ಲ.

ಈಗ ಸಾಹುಕಾರನ ಹಡಗಿಗೆ ಬರೋಣ. ಅವನಿಗೂ ಇದೇ ಕಾನೂನು. ಅವನು ತರುವುದು ಹಣ್ಣನ್ನು ಮಾತ್ರವಾಗಿದ್ದರೆ ಅವನನ್ನೂ ಒಳಗೆ ಬಿಡುತ್ತಿರಲಿಲ್ಲ. ಹಣ್ಣಿನ ಜೊತೆಗೆ, ಇದರೊಳಗೆ ಜೀವಂತ ಹುಳು ಇರಲಾರದು ಎಂಬ ರುಜುವಾತನ್ನೂ ಅವನು ತರಬೇಕು. ದೂರದೇಶದ ತಾಜಾ ಹಣ್ಣಿನ ವ್ಯಾಪಾರದಲ್ಲಿ ಅರ್ಧ ಶ್ರಮ ಆ ರುಜುವಾತು ಕೂಡಿಸುವುದಕ್ಕೇ ಹೋಗುತ್ತದೆ.

ರುಜುವಾತು ಹಡಗು ಹೊರಡುವುದಕ್ಕಿಂತ ವರ್ಷಗಳ ಮೊದಲೇ ಶುರುವಾಗುತ್ತದೆ. ಅಮೆರಿಕದ ಕೃಷಿ ಇಲಾಖೆಯಲ್ಲಿ ಸಸ್ಯ ಮತ್ತು ಪ್ರಾಣಿ ಆರೋಗ್ಯ ನೋಡಿಕೊಳ್ಳುವ ವಿಭಾಗವೊಂದಿದೆ, ಅದನ್ನು ಚಿಕ್ಕದಾಗಿ ಏಫಿಸ್ ಎನ್ನುತ್ತಾರೆ. ಯಾವ ದೇಶದ ಯಾವ ಹಣ್ಣು ಯಾವ ಷರತ್ತಿನ ಮೇಲೆ ಬರಬಹುದೆಂದು ನಿರ್ಧರಿಸುವವರು ಅವರು. ಇಲ್ಲಿ ಯೂರೋಪ್ ಎಂಬ ಒಂದು ಲೆಕ್ಕವಿಲ್ಲ. ಇಟಲಿಯ ಕಿವಿ ಹಣ್ಣಿಗೆ ಒಂದು ಅನುಮತಿ, ಗ್ರೀಸಿನ ಕಿವಿ ಹಣ್ಣಿಗೆ ಇನ್ನೊಂದು, ಸ್ಪೇನಿನ ಕ್ಲೆಮೆಂಟೈನ್ ಕಿತ್ತಳೆಗೆ ಮತ್ತೊಂದು. ಒಂದೊಂದು ಅರ್ಜಿಗೂ ಆ ದೇಶದಲ್ಲಿ ಆ ಹಣ್ಣಿಗೆ ಯಾವ ಯಾವ ಕೀಟ, ರೋಗ ಬೀಳುತ್ತವೆ, ಅವು ಅಮೆರಿಕದಲ್ಲಿ ಬದುಕಬಲ್ಲವೇ ಎಂದು ಪಟ್ಟಿ ಮಾಡಿ ಅಧ್ಯಯನ ನಡೆಯುತ್ತದೆ. ಗಡಿಗಳಿಲ್ಲದೆ ಒಂದೇ ಮಾರುಕಟ್ಟೆಯಾಗಿ ಬಾಳುವ ನಮ್ಮನ್ನು ಇವರು ದೇಶದೇಶವಾಗಿ ಒಡೆದು ನೋಡುತ್ತಾರೆ ಎಂದು ಯೂರೋಪಿಯನ್ ಒಕ್ಕೂಟದ ಹಳೆಯ ದೂರಿದೆ. ಅದರಲ್ಲಿ ನ್ಯಾಯವಿದೆ, ಆದರೆ ನೊಣದ ನಕ್ಷೆ ಒಕ್ಕೂಟದ ನಕ್ಷೆಗೆ ಹೊಂದುವುದಿಲ್ಲ ಎಂಬುದೂ ನಿಜ. ಸಿಸಿಲಿಯಲ್ಲಿ ಹಾಯಾಗಿರುವ ನೊಣ ಹಾಲೆಂಡಿನ ಚಳಿಗಾಲ ದಾಟಿ ಬೇರೂರುವುದಿಲ್ಲ.

ಅನುಮತಿ ಸಿಕ್ಕಿದ ಮೇಲೆ ಬರುವುದು ಚಿಕಿತ್ಸೆ. ಕಿವಿ ಹಣ್ಣಿನ ಅದೃಷ್ಟ ಇರುವುದು ಇಲ್ಲಿ. ಇಟಲಿಯಲ್ಲಿ ಅಕ್ಟೋಬರ್, ನವೆಂಬರಿನಲ್ಲಿ ಅದನ್ನು ಕಲ್ಲಿನಂತೆ ಗಟ್ಟಿಯಿರುವಾಗಲೇ ಕೊಯ್ಯುತ್ತಾರೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಇಟ್ಟರೆ ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತದೆ. ನೊಣದ ಮೊಟ್ಟೆ, ಹುಳುಗಳು ಮಾತ್ರ ಅಷ್ಟು ಚಳಿಯಲ್ಲಿ ಬಹುಕಾಲ ಬದುಕಲಾರವು. ಹಣ್ಣು ತಾಳುವ, ಹುಳು ತಾಳದ ಈ ಅಂತರವನ್ನೇ ಹಿಡಿದು ನಿಯಮ ಮಾಡಿದ್ದಾರೆ. ಮೆಡಿಟರೇನಿಯನ್ ನೊಣಕ್ಕೆ ಲೆಕ್ಕ ಹೀಗಿದೆ: ಹಣ್ಣಿನ ತಿರುಳು 1.11 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ 14 ದಿನ, 1.67 ಡಿಗ್ರಿಯವರೆಗಿದ್ದರೆ 16 ದಿನ; 2.22 ಡಿಗ್ರಿಯವರೆಗಿದ್ದರೆ 18 ದಿನ. ಹಣ್ಣಿನ ತಿರುಳು ಎಂದೆ, ಗಮನಿಸಿ. ಕಂಟೈನರಿನ ಗಾಳಿ ತಣ್ಣಗಿದ್ದರೆ ಸಾಲದು. ಲೋಡು ಮಾಡುವಾಗಲೇ ಕೆಲವು ಹಣ್ಣುಗಳ ಒಳಗೆ ತಾಪಮಾಪಕದ ಕಡ್ಡಿ ಚುಚ್ಚುತ್ತಾರೆ. ಅದಕ್ಕೂ ಮೊದಲು ಆ ಕಡ್ಡಿಗಳನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಅದ್ದಿ ಸರಿಯಾಗಿ ಸೊನ್ನೆ ತೋರಿಸುತ್ತವೆಯೇ ಎಂದು ನೋಡಿಕೊಳ್ಳುತ್ತಾರೆ. ಗಂಟೆಗಂಟೆಗೂ ಅಂಕಿ ದಾಖಲಾಗುತ್ತ ಹೋಗುತ್ತದೆ. ನಡುದಾರಿಯಲ್ಲಿ ಯಂತ್ರ ಕೆಟ್ಟು ತಾಪ ಮೇಲೇರಿತೋ, ಅಲ್ಲಿಯವರೆಗಿನ ದಿನಗಳು ಲೆಕ್ಕಕ್ಕೆ ಸಿಗದೆ ಹೋಗಬಹುದು. ಚಿಕಿತ್ಸೆ ಮತ್ತೆ ಮಾಡಬೇಕಾಗುತ್ತದೆ.

ದೂರ ಇಲ್ಲಿ ಉಪಕಾರಕ್ಕೆ ಬರುವುದು ನನಗೆ ಬಹಳ ಇಷ್ಟವಾದ ಸಂಗತಿ. ಇಟಲಿಯ ಬಂದರಿನಿಂದ ಹೊರಟ ಕಂಟೈನರು ಅಟ್ಲಾಂಟಿಕ್ ದಾಟಿ, ಪನಾಮಾ ಕಾಲುವೆ ಹಾದು, ಪೆಸಿಫಿಕ್ ತೀರ ಹಿಡಿದು ನಿಮ್ಮ ಹತ್ತಿರದ ಓಕ್ಲೆಂಡ್ ಬಂದರಿಗೆ ಬರಲು ಒಂದು ತಿಂಗಳ ಆಸುಪಾಸು ಬೇಕು. ಚಿಕಿತ್ಸೆಯ 14ರಿಂದ 18 ದಿನ ಆ ಪ್ರಯಾಣದೊಳಗೇ ಮುಗಿದುಹೋಗುತ್ತದೆ. ಓಕ್ಲೆಂಡಿನಲ್ಲಿ ಅಧಿಕಾರಿಗಳು ಮೊದಲು ನೋಡುವುದು ಆ ತಾಪದ ದಾಖಲೆ. ಆಮೇಲೆ ಇಟಲಿಯ ಸಸ್ಯ ಸಂರಕ್ಷಣಾ ಇಲಾಖೆ ಕೊಟ್ಟ ಸಸ್ಯ ಆರೋಗ್ಯ ಪ್ರಮಾಣಪತ್ರ. ಕೊನೆಗೆ ಕೆಲವು ಪೆಟ್ಟಿಗೆ ಬಿಚ್ಚಿ, ಹಣ್ಣು ಕೊಯ್ದು ಒಳಗೆ ನೋಡುತ್ತಾರೆ. ಎಲ್ಲ ಸರಿ ಇದ್ದರೆ ಪೆಟ್ಟಿಗೆಗಳು ಸ್ಯಾನ್ ಫ್ರಾನ್ಸಿಸ್ಕೋದ ಬೇವ್ಯೂ ಭಾಗದಲ್ಲಿ 1963ರಿಂದ ನಡೆಯುತ್ತಿರುವ ಸಗಟು ತರಕಾರಿ ಮಾರುಕಟ್ಟೆಯಂಥ ಕಡೆಗೆ, ಇಲ್ಲವೇ ದೊಡ್ಡ ಅಂಗಡಿಗಳ ಗೋದಾಮಿಗೆ ಹೋಗುತ್ತವೆ.

ಅಂಗಡಿಯಲ್ಲಿ ನೀವು ‘ಇಟಲಿಯ ಬೆಳೆ’ ಎಂದು ಓದಲು ಸಾಧ್ಯವಾದದ್ದೂ ಒಂದು ಕಾನೂನಿನಿಂದ. ತಾಜಾ ಹಣ್ಣು, ತರಕಾರಿ ಬೆಳೆದ ದೇಶದ ಹೆಸರನ್ನು ಅಂಗಡಿಯವರು ತೋರಿಸಲೇಬೇಕೆಂಬ ನಿಯಮ 2008ರಲ್ಲಿ ಜಾರಿಗೆ ಬಂತು. ಹಣ್ಣಿಗೆ ಅಂಟಿಸಿದ ಚೀಟಿಯ ನಾಲ್ಕಂಕಿಯ ಸಂಖ್ಯೆಯೇ ದೇಶವನ್ನು ಹೇಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಹೇಳುವುದು ಹಣ್ಣಿನ ಬಗೆಯನ್ನು. 4030 ಎಂದರೆ ಹಸಿರು ಕಿವಿ ಹಣ್ಣು. ಇಟಲಿಯದಾದರೂ ಅದೇ, ಕ್ಯಾಲಿಫೋರ್ನಿಯಾದ್ದಾದರೂ ಅದೇ.

ಚಿಕಿತ್ಸೆ ಸರಿಯಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸ್ಪೇನಿನ ಉದಾಹರಣೆಯಿದೆ. ಸಿಪ್ಪೆ ಸುಲಭವಾಗಿ ಬಿಡುವ, ಬೀಜವಿಲ್ಲದ ಕ್ಲೆಮೆಂಟೈನ್ ಕಿತ್ತಳೆಯ ರುಚಿಯನ್ನು ಅಮೆರಿಕನ್ನರಿಗೆ ಹತ್ತಿಸಿದ್ದು ಸ್ಪೇನ್. ಮರದ ಪುಟ್ಟ ಪೆಟ್ಟಿಗೆಗಳಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಅದು ಬರುತ್ತಿತ್ತು. 2001ರ ಕೊನೆಯಲ್ಲಿ, ಚಳಿ ಚಿಕಿತ್ಸೆ ಮುಗಿಸಿ ಅಂಗಡಿ ಸೇರಿದ್ದ ಹಣ್ಣಿನಲ್ಲೇ ಜೀವಂತ ಹುಳು ಸಿಕ್ಕವು. ಡಿಸೆಂಬರಿನಲ್ಲಿ, ವ್ಯಾಪಾರದ ತುಂಬು ಹಂಗಾಮಿನಲ್ಲಿ, ಆಮದು ನಿಂತಿತು. 2002ರ ಅಕ್ಟೋಬರಿನಲ್ಲಿ ಮತ್ತೆ ತೆರೆದಾಗ ಚಿಕಿತ್ಸೆಯ ದಿನಗಳನ್ನು ಹೆಚ್ಚಿಸಿದ್ದರು, ತೋಟಗಳಲ್ಲೇ ನೊಣ ಹಿಡಿಯುವ ಬೋನು ಇಡಬೇಕೆಂದಿದ್ದರು, ಆ ಮೊದಲ ವರ್ಷ ಕ್ಯಾಲಿಫೋರ್ನಿಯಾದಂಥ ಕಿತ್ತಳೆ ಬೆಳೆಯುವ ರಾಜ್ಯಗಳಿಗೆ ಕಳಿಸಕೂಡದೆಂದೂ ಇತ್ತು. ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ರೈತರೇ ಆ ಜಾತಿಯನ್ನು ದೊಡ್ಡ ಪ್ರಮಾಣದಲ್ಲಿ ನೆಡತೊಡಗಿದ್ದರು. ಇಂದು ಡಿಸೆಂಬರಿನಲ್ಲಿ ನೀವು ಚೀಲಗಟ್ಟಲೆ ಕೊಳ್ಳುವ ಸಣ್ಣ ಕಿತ್ತಳೆ ಬಹುತೇಕ ಸ್ಯಾನ್ ಹೋಕಿನ್ ಕಣಿವೆಯದು. 1981ರಲ್ಲಿ ಜಪಾನಿನೆದುರು ಕ್ಯಾಲಿಫೋರ್ನಿಯಾ ನಿಂತಿದ್ದ ಜಾಗದಲ್ಲೇ ಇಪ್ಪತ್ತು ವರ್ಷದ ಮೇಲೆ ಅಮೆರಿಕದೆದುರು ಸ್ಪೇನ್ ನಿಂತಿತ್ತು. ಎರಡೂ ಕಡೆ ನಷ್ಟವಾದದ್ದು ರೈತನಿಗೆ.

ಹಾಗಾದರೆ ಯೂರೋಪಿನ ಸೇಬು ಏಕೆ ಕಾಣುವುದಿಲ್ಲ? ಕಾನೂನಿನಲ್ಲಿ ಅದಕ್ಕೆ ಪೂರ್ತಿ ನಿಷೇಧವಿಲ್ಲ, ದಾರಿ ದುಬಾರಿ. ಯೂರೋಪಿನ ಸೇಬು, ಮರಸೇಬುಗಳಿಗೆ ಎಲೆ, ಹಣ್ಣು ಕೊರೆಯುವ ಕೆಲವು ಪತಂಗಗಳ ಕಾಟವಿದೆ, ಅವು ಅಮೆರಿಕದಲ್ಲಿಲ್ಲ. ಅದಕ್ಕಾಗಿ ಅಮೆರಿಕದ ತಪಾಸಣಾಧಿಕಾರಿಗಳೇ ಅಲ್ಲಿಗೆ ಹೋಗಿ, ಹಡಗಿಗೇರಿಸುವ ಮೊದಲೇ ನೋಡಿ ಒಪ್ಪಿಗೆ ಕೊಡುವ ಪದ್ಧತಿ ಇದೆ. ಅದರ ಖರ್ಚು ರಫ್ತುದಾರರದು. ಇಷ್ಟು ಖರ್ಚು ಮಾಡಿ ತಂದ ಸೇಬು ಇಲ್ಲಿ ಎದುರಿಸಬೇಕಾದದ್ದು ವಾಷಿಂಗ್ಟನ್ ರಾಜ್ಯದ ಸೇಬನ್ನು. ಅಮೆರಿಕದ ಸೇಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಅಲ್ಲೇ, ಅದು ಲಾರಿಯಲ್ಲಿ ಒಂದೆರಡು ದಿನದಲ್ಲಿ ನಿಮ್ಮ ಅಂಗಡಿಗೆ ಬರುತ್ತದೆ. ಇಟಲಿ, ಪೋಲೆಂಡ್, ಫ್ರಾನ್ಸ್, ಜರ್ಮನಿ, ಬೆಲ್ಜಿಯಂ, ಹಾಲೆಂಡ್, ಸ್ಪೇನ್, ಪೋರ್ಚುಗಲ್ ಈ ಎಂಟು ದೇಶಗಳಿಗೆ ಆ ಪದ್ಧತಿ ಸಡಿಲಿಸಿ, ತೋಟದಿಂದ ಪೆಟ್ಟಿಗೆಯವರೆಗೆ ಹಂತಹಂತವಾಗಿ ಕೀಟ ತಡೆಯುವ ಕ್ರಮವನ್ನು ಒಪ್ಪುವ ಕರಡನ್ನು ಏಫಿಸ್ 2016ರಲ್ಲಿ ಪ್ರಕಟಿಸಿತು. ಅದು ವರ್ಷಗಟ್ಟಲೆ ಕರಡಾಗಿಯೇ ಉಳಿಯಿತು. ಅತ್ತ ರಷ್ಯಾ 2014ರ ಆಗಸ್ಟಿನಲ್ಲಿ ಯೂರೋಪಿನ ಹಣ್ಣು, ತರಕಾರಿಯನ್ನು ರಾಜಕೀಯ ಕಾರಣಕ್ಕೆ ತಡೆದಾಗ, ಅದನ್ನೇ ನಂಬಿದ್ದ ಪೋಲೆಂಡಿನ ಸೇಬಿನ ರೈತರು ಹೊಸ ಮಾರುಕಟ್ಟೆ ಹುಡುಕಿಕೊಂಡು ದೂರ ದೂರ ಹೋದರು. ಆ ದಾರಿಯಲ್ಲಿ ಭಾರತವೂ ಇತ್ತು. ಇಟಲಿಯ ಸೇಬು, ಬೆಲ್ಜಿಯಂನ ಮರಸೇಬು ಬೆಂಗಳೂರಿನ ಅಂಗಡಿಗಳಲ್ಲಿ ಈಗ ಅಪರೂಪವಲ್ಲ. ನಿಮ್ಮ ತಾಯಿ ಬಯಸಿದ ಯೂರೋಪಿನ ಸೇಬು ಫ್ರೀಮಾಂಟಿಗಿಂತ ಬೆಂಗಳೂರಿನಲ್ಲಿ ಸುಲಭವಾಗಿ ಸಿಗುತ್ತದೆ ಎಂದು ಅವರಿಗೆ ಹೇಳಿ, ಅಚ್ಚರಿಪಡಬಹುದು.

ತರಕಾರಿಯ ಮಾತು ಚಿಕ್ಕದು. ಹಾಲೆಂಡಿನ ಗಾಜಿನಮನೆಗಳ ಕೆಂಪು, ಹಳದಿ ದಪ್ಪ ಮೆಣಸಿನಕಾಯಿ ಒಂದು ಕಾಲಕ್ಕೆ ವಿಮಾನದಲ್ಲಿ ಅಮೆರಿಕಕ್ಕೆ ಬಂದು ಬಣ್ಣದ ಮೆಣಸಿನಕಾಯಿಯ ಚಟ ಹಿಡಿಸಿತು. ಈಗ ಆ ಜಾಗವನ್ನು ಹೆಚ್ಚಾಗಿ ಮೆಕ್ಸಿಕೊ, ಕೆನಡಾಗಳ ಗಾಜಿನಮನೆಗಳು ತುಂಬಿವೆ. ಬೆಲ್ಜಿಯಂನಿಂದ ಬರುತ್ತಿದ್ದ ಎಂಡೈವ್ ಎಂಬ ಬಿಳಿ ಮೊಗ್ಗಿನಂಥ ಸೊಪ್ಪನ್ನು 1980ರ ದಶಕದಿಂದ ಕ್ಯಾಲಿಫೋರ್ನಿಯಾದಲ್ಲೇ ಬೆಳೆಯತೊಡಗಿದರು. ಗೆಡ್ಡೆಯನ್ನು ಹೊಲದಲ್ಲಿ ಬೆಳೆದು, ಶೀತಲಗೃಹದಲ್ಲಿಟ್ಟು, ಕತ್ತಲ ಕೋಣೆಯಲ್ಲಿ ಮೊಳೆಸುತ್ತಾರೆ. ಬೆಳಕು ತಾಗದ್ದರಿಂದ ಅದು ಬೆಳ್ಳಗಿರುತ್ತದೆ. ಯೂರೋಪ್ ಕಳಿಸಿದ ರುಚಿಯನ್ನು ಕ್ಯಾಲಿಫೋರ್ನಿಯಾ ಕಲಿತು ತಾನೇ ಬೆಳೆಯುವುದು ಪೆಲಿಯೆ ಕಾಲದಿಂದ ನಡೆದು ಬಂದದ್ದು.

ನೀವು ಕೇಳದಿದ್ದರೂ ಮಾವಿನ ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ, ಏಕೆಂದರೆ ಹಣ್ಣಿಗೆ ತಕ್ಕ ಚಿಕಿತ್ಸೆ ಎಂಬುದು ಅದರಿಂದ ಚೆನ್ನಾಗಿ ತಿಳಿಯುತ್ತದೆ. ಕಿವಿ ಹಣ್ಣಿಗೆ ಒಗ್ಗುವ ಚಳಿ ಮಾವಿಗೆ ಒಗ್ಗುವುದಿಲ್ಲ. ಹಸಿ ಮಾವನ್ನು ಫ್ರಿಜ್ಜಿನಲ್ಲಿಟ್ಟವರಿಗೆ ಗೊತ್ತು, ಸಿಪ್ಪೆ ಕಪ್ಪಾಗುತ್ತದೆ, ಮತ್ತೆ ಸರಿಯಾಗಿ ಹಣ್ಣಾಗುವುದಿಲ್ಲ. ಆದ್ದರಿಂದ ಮೆಕ್ಸಿಕೊದ ಮಾವನ್ನು 46.1 ಡಿಗ್ರಿಯ ಬಿಸಿನೀರಿನಲ್ಲಿ, ಗಾತ್ರಕ್ಕೆ ತಕ್ಕಂತೆ 65ರಿಂದ 110 ನಿಮಿಷ ಮುಳುಗಿಸಿ ಕಳಿಸುತ್ತಾರೆ. ಭಾರತದ ಮಾವಿಗೆ 1989ರಿಂದ ಮುಚ್ಚಿದ್ದ ಅಮೆರಿಕದ ಬಾಗಿಲು 2007ರಲ್ಲಿ ತೆರೆದದ್ದು ವಿಕಿರಣ ಚಿಕಿತ್ಸೆಯಿಂದ: ಕನಿಷ್ಠ 400 ಗ್ರೇ ಪ್ರಮಾಣದ ವಿಕಿರಣ ಕೊಡಬೇಕು. ಹುಳು ಇದ್ದರೂ ಅದು ಬೆಳೆದು ನೊಣವಾಗಿ ಸಂತಾನ ಮುಂದುವರಿಸಲಾರದು. ಹಣ್ಣಿನಲ್ಲಿ ವಿಕಿರಣ ಉಳಿಯುವುದಿಲ್ಲ, ತಿನ್ನಲು ಅಂಜಬೇಕಿಲ್ಲ. ನಮ್ಮ ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ಅಮೆರಿಕ ಒಪ್ಪಿದ ಅಂಥ ಘಟಕವಿದೆ. ಹಡಗಿನ ಒಂದು ತಿಂಗಳ ಪ್ರಯಾಣ ಕಿವಿ ಹಣ್ಣಿಗೆ ಔಷಧಿಯಾದರೆ ಮಾವಿಗೆ ಕಷ್ಟ; ಹಾಗಾಗಿ ನಮ್ಮ ಮಾವು ಬಹುತೇಕ ವಿಮಾನದಲ್ಲೇ ಬರುತ್ತದೆ. ಪೆಟ್ಟಿಗೆಯ ಬೆಲೆ ನೋಡಿ ನೀವು ಹುಬ್ಬೇರಿಸುವುದಕ್ಕೆ ಮುಖ್ಯ ಕಾರಣ ಅದೇ.

ರುಜುವಾತಿನ ತೂಕ ಎಷ್ಟೆಂಬುದನ್ನೂ ಮಾವೇ ತೋರಿಸಿತು. 2025ರ ಮೇ ತಿಂಗಳಲ್ಲಿ ಭಾರತದಿಂದ ಬಂದ ಮಾವಿನ 15 ಸರಕುಗಳನ್ನು ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೋ, ಅಟ್ಲಾಂಟಾ ವಿಮಾನ ನಿಲ್ದಾಣಗಳಲ್ಲಿ ತಡೆದರು. ಹಣ್ಣಿನಲ್ಲಿ ಹುಳು ಸಿಕ್ಕಿತ್ತೆಂದು ಯಾರೂ ಹೇಳಲಿಲ್ಲ. ವಿಕಿರಣ ಚಿಕಿತ್ಸೆಯನ್ನು ದೃಢೀಕರಿಸುವ ಪತ್ರದಲ್ಲಿ ತೊಡಕಿತ್ತು. ವಾಪಸು ಒಯ್ಯಿರಿ ಅಥವಾ ನಾಶಮಾಡಿ ಎಂದರು. ವಾಪಸು ಒಯ್ಯುವಷ್ಟರಲ್ಲಿ ಮಾವು ಮಾವಾಗಿ ಉಳಿಯುವುದಿಲ್ಲ, ಆದ್ದರಿಂದ ನಾಶಮಾಡಿದರು. ಓದಿದಾಗ ನನಗೂ ಸಂಕಟವಾಯಿತು.

ಇದು ಅಮೆರಿಕದ ಹಠ ಮಾತ್ರ ಎಂದು ತಿಳಿಯಬೇಡಿ. ಯೂರೋಪ್ ತಾನು ಕೊಳ್ಳುವ ಕಡೆ ನಿಂತಾಗ ಇಷ್ಟೇ ಬಿಗಿಯಾಗುತ್ತದೆ. 2014ರ ಮೇ 1ರಿಂದ ಯೂರೋಪಿಯನ್ ಒಕ್ಕೂಟ ಭಾರತದ ಮಾವನ್ನೂ, ಜೊತೆಗೆ ಬದನೆಕಾಯಿ, ಹಾಗಲಕಾಯಿ, ಪಡವಲಕಾಯಿ, ಕೆಸುವನ್ನೂ ನಿಷೇಧಿಸಿತು. ಕಾರಣ ಅದೇ ಹಣ್ಣಿನ ನೊಣ ಮತ್ತದರ ಬಳಗ. ಮಾವಿನ ಮೇಲಿನ ನಿಷೇಧ 2015ರ ಜನವರಿಯಲ್ಲಿ ಹೋಯಿತು. ಹೊರಡುವ ಮುನ್ನ ಭಾರತದಲ್ಲಿ ತಪಾಸಣೆ ಬಿಗಿಯಾದದ್ದು ಅದಕ್ಕೆ ಕಾರಣ.

ಈಗ ಮತ್ತೆ ಆ ಕೈಚೀಲಕ್ಕೆ ಬರೋಣ. ನಿಮ್ಮ ತಾಯಿಯವರ ಸೇಬು ಯಾವ ತೋಟದ್ದು? ಫ್ರಾಂಕ್‌ಫರ್ಟಿನಲ್ಲಿ ಕೊಂಡದ್ದೆಲ್ಲ ಜರ್ಮನಿಯಲ್ಲಿ ಬೆಳೆದದ್ದೆಂದೇನಿಲ್ಲ, ಸ್ಪೇನಿನದಿರಬಹುದು, ಇಟಲಿಯದಿರಬಹುದು. ಎಷ್ಟು ದಿನ ಎಷ್ಟು ಚಳಿಯಲ್ಲಿತ್ತು? ಯಾರಿಗೂ ಗೊತ್ತಿಲ್ಲ. ಅದರ ಹಿಂದೆ ದಾಖಲೆ ಇಟ್ಟವರಿಲ್ಲ, ಹುಳು ಕಂಡರೆ ಯಾವ ತೋಟಕ್ಕೆ ಹೋಗಿ ಕೇಳಬೇಕೆಂದು ಹೇಳುವವರಿಲ್ಲ. ಅಂಗಡಿಯ ಕಿವಿ ಹಣ್ಣಿಗೆ ಇವೆಲ್ಲ ಇದೆ. ವಿಮಾನದಲ್ಲಿ ಊಟದ ಜೊತೆ ಕೊಟ್ಟ ಹಣ್ಣನ್ನೂ ಹೊರಗೆ ತರಬಾರದು ಎನ್ನುವುದು ಇದಕ್ಕೇ. ಹಾಗೆಂದು ನಿಮ್ಮ ತಾಯಿ ತಪ್ಪು ಮಾಡಿದರೆಂದು ಕೊರಗಬೇಕಿಲ್ಲ. ಇಳಿದಾಗ ‘ನನ್ನ ಬಳಿ ಹಣ್ಣಿದೆ’ ಎಂದು ಹೇಳಿಬಿಟ್ಟರೆ ಹಣ್ಣು ಹೋಗುತ್ತದೆ, ಅಷ್ಟೇ. ದಂಡ ಬೀಳುವುದು ಹೇಳದೆ ಮುಚ್ಚಿಟ್ಟಾಗ. ಮೂಸಿ ನೋಡುತ್ತ ಸಾಮಾನಿನ ನಡುವೆ ಸುತ್ತುವ ಬೀಗಲ್ ನಾಯಿಗಳನ್ನು 1984ರಿಂದ ಇದೇ ಕೆಲಸಕ್ಕೆ ಪಳಗಿಸಿ ಇಟ್ಟಿದ್ದಾರೆ. ಸೇಬು, ಮಾವು, ಕಿತ್ತಳೆಯ ವಾಸನೆ ಅವಕ್ಕೆ ಮೊದಲ ಪಾಠ. ಮುಂದಿನ ಸಲ ಬರುವಾಗ ಮೈಸೂರುಪಾಕು, ಹುರಿಗಾಳು, ಚಟ್ನಿಪುಡಿ ತರಲಿ, ಅದನ್ನೂ ಹೇಳಿಯೇ ತರಲಿ.

‘ಆ ಸೇಬನ್ನ ಅವರೇನು ಮಾಡಿದರು?’ ಎಂದೂ ಕೇಳಿದ್ದಾರಲ್ಲ. ಅಧಿಕಾರಿಗಳು ತಿಂದಿರುವುದಿಲ್ಲ, ಅದು ನಿಶ್ಚಯ. ಹೀಗೆ ಸಿಕ್ಕ ಹಣ್ಣುಗಳಲ್ಲಿ ಕೆಲವನ್ನು ಮೇಜಿನ ಮೇಲಿಟ್ಟು, ಕೊಯ್ದು, ಒಳಗೆ ಹುಳು ಇದೆಯೇ ಎಂದು ನೋಡುತ್ತಾರೆ. ಸಿಕ್ಕರೆ ಅದರ ಜಾತಿ ಗುರುತಿಸಲು ಕೀಟತಜ್ಞರಿಗೆ ಕಳಿಸುತ್ತಾರೆ. ಉಳಿದದ್ದನ್ನು ಸಾಮಾನ್ಯ ಕಸದ ಜೊತೆ ಬೆರೆಸುವಂತಿಲ್ಲ. ಸುಟ್ಟು ಬೂದಿ ಮಾಡುತ್ತಾರೆ, ಇಲ್ಲವೇ ಒಳಗಿನ ತಾಪ 100 ಡಿಗ್ರಿ ಮುಟ್ಟಿ ಅರ್ಧ ಗಂಟೆ ಅಲ್ಲೇ ನಿಲ್ಲುವಂತೆ ಬೇಯಿಸಿ ಆಮೇಲೆ ಹೂಳುತ್ತಾರೆ.